ಭೋಸರಿಯಲ್ಲಿ ಮೆಕ್ಯಾನಿಕ್ ಆದದ್ದು

ಊರಿನ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣಾ, ಪುಣೆಗೆ ಬಂದ್ರ ಗ್ಯಾರೇಜ್‌ನ್ಯಾಗ ಕೆಲಸ ಸಿಗತೈತೇನು?" ಸಿಗುತ್ತದೆ. ಪಿಂಪ್ರಿ, ಭೋಸರಿ, ಚಾಕಣ ಕಡೆ ಕೈಯಾಳು ಯಾವಾಗಲೂ ಬೇಕು. ಕಲಿಸುವವರು ಸಿಗುವುದೇ ಕಷ್ಟ.

ನಾನು ಇಂಡಿ ತಾಲ್ಲೂಕಿನವನು. ಎಸ್ಸೆಸ್ಸೆಲ್ಸಿ ಆದಮೇಲೆ ಐಟಿಐ ಸೇರಿದೆ. ಮೋಟರ್ ಮೆಕ್ಯಾನಿಕ್ ಟ್ರೇಡ್ 2 ವರ್ಷ, ಡೀಸೆಲ್ ಮೆಕ್ಯಾನಿಕ್ 1 ವರ್ಷ. ನಾನು ಮೊದಲನೆಯದನ್ನು ಮಾಡಿದೆ. ರಸ್ತೆ ಬದಿ ಗ್ಯಾರೇಜಿನಲ್ಲಿ ಸರ್ಟಿಫಿಕೇಟ್ ಯಾರೂ ಕೇಳಲ್ಲ, ಆದರೆ ಕಂಪನಿ ಸರ್ವೀಸ್ ಸೆಂಟರ್‌ಗೆ ಅದು ಬೇಕೇ ಬೇಕು. ಮಾಮಾ ಭೋಸರಿಯಲ್ಲಿದ್ದ. ಅವನ ರೂಮಿನಲ್ಲಿದ್ದುಕೊಂಡೇ ಒಂದು ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಅಪ್ರೆಂಟಿಸ್ ಮುಗಿಸಿದೆ. ಬೋಲ್ಟನ್ನು ಅಳತೆಯಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್ ಹಿಡಿಯುವುದು, ಗಾಡಿಗೆ ಏನೇನು ಕೆಲಸ ಅಂತ ಬರೆದ ಜಾಬ್ ಕಾರ್ಡ್ ಓದುವುದು ಅಲ್ಲಿ ಬಂತು. ಆದರೆ ಅಲ್ಲಿ ಪಾರ್ಟ್ ಕೆಟ್ಟರೆ ಹೊಸದು ಹಾಕಿ ಗಾಡಿ ಹೊರಗೆ ಕಳಿಸಬೇಕು, ಅಷ್ಟೇ. ಯಾಕೆ ಕೆಟ್ಟಿತು ಅಂತ ನೋಡೋಕೆ ಪುರುಸೊತ್ತಿಲ್ಲ.

ಅದಕ್ಕೇ ಸಂಬಳ ಕಡಿಮೆಯಾದರೂ ಒಬ್ಬ ಉಸ್ತಾದರ ಗ್ಯಾರೇಜಿಗೆ ಹೋದೆ. "ಆಧೀ ಐಕ್, ಮಗ ಖೋಲ್" ಅನ್ನೋರು ಅವರು. ಮೊದಲು ಕೇಳು, ಆಮೇಲೆ ಬಿಚ್ಚು. ಕಾರ್ಬ್ಯುರೇಟರ್ ಕಾಲದ ಮನುಷ್ಯ. 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ನೋ ಹೊಗೆ ನಿಯಮ ಬಂದು, ಕಾರ್ಬ್ಯುರೇಟರ್ ಬದಲು ಹೆಚ್ಚುಕಡಿಮೆ ಎಲ್ಲ ಬೈಕಿಗೂ ಕಂಪ್ಯೂಟರ್ ನಡೆಸುವ ಇಂಜೆಕ್ಷನ್ ಬಂದಾಗ, ಗಾಡಿಯ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ನನ್ನ ಕೈಗೆ ಕೊಟ್ಟರು. ಕೇಳುವ ಕಿವಿ ಮಾತ್ರ ಅವರದೇ.

ಒಂದು ಕಾರು ಬಂತು. ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಇಂಜಿನ್ ಓಡುವಾಗ, ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಮೇಲೆ ಕೆಳಗೆ ಆಡುತ್ತಿತ್ತು. ಸ್ಕ್ಯಾನರ್‌ನಲ್ಲಿ ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಬೇರೆ ಕಡೆ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿ ದುಡ್ಡು ತಗೊಂಡಿದ್ದರು. ಕೋಡ್ ಮತ್ತೆ ಬಂದಿತ್ತು. ಬಾನೆಟ್ ಎತ್ತಿ ಸುಮ್ನೆ ನಿಂತು ಕೇಳಿದರೆ ಸಣ್ಣಗೆ ಸುಯ್ ಅನ್ನೋ ಸದ್ದು. ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಹೋಗುವ ರಬ್ಬರ್ ಪೈಪ್ ಮೇಲಿಂದ ನೋಡಿದರೆ ಚೆನ್ನಾಗಿಯೇ ಇತ್ತು. ತಿರುಚಿದಾಗ ಕೆಳಗಿನ ಮಡಿಕೆಯಲ್ಲಿ ಸೀಳು ಬಾಯಿ ಬಿಟ್ಟಿತು. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಆ ಸೀಳು ಇತ್ತು. ಅಲ್ಲಿ ನುಗ್ಗಿದ ಗಾಳಿಯ ಲೆಕ್ಕ ಕಂಪ್ಯೂಟರ್‌ಗೆ ಸಿಗಲ್ಲ, ಅದು ಪೆಟ್ರೋಲ್ ಕಡಿಮೆ ಕೊಡುತ್ತದೆ. ಆಕ್ಸಿಜನ್ ಸೆನ್ಸರ್ ನಿಜ ಹೇಳಿತ್ತು. ಅದನ್ನೇ ಕಿತ್ತು ಬಿಸಾಕಿದ್ದರು! ಇಂಥ ಸೀಳು ಹುಡುಕೋಕೆ ಕೆಲವರು ಇಂಜಿನ್ ಓಡುವಾಗಲೇ ಕಾರ್ಬ್ ಕ್ಲೀನರ್ ಅನ್ನೋ ಸ್ಪ್ರೇ ಹೊಡೆದು ಆರ್‌ಪಿಎಂ ಬದಲಾಗುತ್ತಾ ನೋಡುತ್ತಾರೆ. ಬಿಸಿ ಸೈಲೆನ್ಸರ್ ಹತ್ತಿರ ಅದು ಬೇಡ, ಬೆಂಕಿ ಹತ್ತುತ್ತದೆ.

ಗಣಪತಿ ಹಬ್ಬಕ್ಕೆ ಮುಂಚೆ ಇಲ್ಲಿ ಉಸಿರಾಡೋಕೂ ಟೈಮಿಲ್ಲ. ಕೊಂಕಣದವರೆಲ್ಲ ಊರಿಗೆ ಹೊರಡುತ್ತಾರೆ, ತಾಮ್ಹಿಣಿಯಂಥ ಘಾಟ್ ಇಳಿಯಬೇಕು. ನಾನು ಮೊದಲು ನೋಡುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ನೀರು ಹೀರುತ್ತದೆ. ಡಾಟ್-4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಘಾಟ್‌ನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಒಳಗೇ ಹೋಗುತ್ತದೆ, ಗಾಡಿ ನಿಲ್ಲಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. "ಕಾಕಾ, ಪ್ಯಾಡ್ ಹೊಸದು ಹಾಕಿದೀರಿ, ಆಯಿಲ್ ಯಾವಾಗ ಹಾಕಿದ್ರಿ?" ಅಂದರೆ ಹತ್ತರಲ್ಲಿ ಎಂಟು ಜನ ಮುಖ ನೋಡುತ್ತಾರೆ.

ಟೂಲ್ಸ್ ವಿಷಯ. ಪುಣೆಯ ಗಾಡಿ ಸಾಮಾನಿನ ಪೇಟೆ ನಾನಾ ಪೇಠಕ್ಕೆ ಹೋದ ಹುಡುಗ ದೊಡ್ಡ ಪಾನಾ (ಸ್ಪ್ಯಾನರ್) ಸೆಟ್ಟಿಗೆ ಬೀಳುತ್ತಾನೆ. 10-11, 12-13, 14-15 ಮಿ.ಮೀ. ಪಾನಾ ಇದ್ದರೆ ಶುರುವಿಗೆ ಸಾಕು. ಉಳಿದ ದುಡ್ಡಲ್ಲಿ ಕರೆಂಟ್ ಅಳೆಯುವ ಒಳ್ಳೆಯ ಮಲ್ಟಿಮೀಟರ್ ತಗೋಬೇಕು. ಮಳೆಗಾಲದಲ್ಲಿ ಬರುವ ಗಾಡಿಗಳಲ್ಲಿ ಜಾಸ್ತಿ ಇಲಿ ಕಡಿದ ವೈರು, ನೀರು ಹೋದ ಕನೆಕ್ಟರ್ ಇರುತ್ತವೆ. ಅಲ್ಲಿ ಪಾನಾ ಏನು ಮಾಡೀತು?

ಈಗ ಇವಿ, ಅಂದರೆ ಬ್ಯಾಟರಿ ಗಾಡಿಗಳು ಬರುತ್ತಿವೆ. ಬ್ರೇಕ್, ಸಸ್ಪೆನ್ಶನ್ ಕೆಲಸ ಹೆಚ್ಚುಕಡಿಮೆ ಹಳೆಯದೇ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮಾತ್ರ ಕೈ ಹಿಂದೆ, ಅದು ಹೈ ವೋಲ್ಟೇಜ್. ಅದರ ಟ್ರೇನಿಂಗ್ ಆಗುವವರೆಗೆ ಆ ಕೆಲಸ ನಾನು ಹಿಡಿಯಲ್ಲ, ಗಿರಾಕಿ ಹೋದರೆ ಹೋಗಲಿ.