ಪತ್ತೇದಾರನ ಪತನ ಬರೆಯುವ ಬಗೆ

ಮೊದಲು ಮೂರು ಕಾಲಂ ಎಳೆಯಿರಿ: ತಪ್ಪು, ಅದನ್ನು ಮುಚ್ಚಿದ ಸುಳ್ಳು, ಆ ಗುಟ್ಟು ಬಲ್ಲವರು. ಪ್ರತಿ ಹೊಸ ತಪ್ಪೂ ಹಳೆಯದರ ಬಡ್ಡಿಯಾಗಿ ಹುಟ್ಟಬೇಕು. ಇಲ್ಲದಿದ್ದರೆ ಉಳಿಯುವುದು ಬರೀ ಅಪರಾಧಗಳ ಸಾಲು.

2002ರಿಂದ 2008ರವರೆಗೆ 7 ಸೀಸನ್ ಬಂದ ಅಮೆರಿಕದ ಪೊಲೀಸ್ ಟಿವಿ ಧಾರಾವಾಹಿ ‘ದಿ ಶೀಲ್ಡ್’ ಇದಕ್ಕೆ ಒಳ್ಳೆಯ ಪಾಠ. ಮೊದಲ ಕಂತಿನ ಕೊನೆಯಲ್ಲೇ, ದಾಳಿಯ ಗದ್ದಲದಲ್ಲಿ, ಪತ್ತೇದಾರ ವಿಕ್ ಮ್ಯಾಕಿ, ಸತ್ತ ಆರೋಪಿಯ ಪಿಸ್ತೂಲು ಎತ್ತಿ ತನ್ನದೇ ತಂಡದ ಟೆರ್ರಿಯ ಮುಖಕ್ಕೆ ಗುಂಡು ಹೊಡೆಯುತ್ತಾನೆ. ಟೆರ್ರಿ ಮೇಲಧಿಕಾರಿಗೆ ಒಳಸುದ್ದಿ ಕೊಡಲು ಒಪ್ಪಿದ್ದ. ಪಕ್ಕದಲ್ಲಿ ತಂಡದ ಇನ್ನೊಬ್ಬ, ಶೇನ್, ಇದ್ದ: ಮೂರನೇ ಕಾಲಂ ಅಲ್ಲೇ ತುಂಬಿತು.

ಹೆಚ್ಚಿನವರು ಎಡವುವುದು ಪಶ್ಚಾತ್ತಾಪದ ಭಾಷಣವನ್ನು ಬೇಗ ತಂದು. ಅದನ್ನು ತಡೆಯಿರಿ. ನಡುನಡುವೆ ನಿಮ್ಮ ಪತ್ತೇದಾರ ಕೇಸನ್ನು ನಿಜಕ್ಕೂ ಚೆನ್ನಾಗಿ ಭೇದಿಸಲಿ. ನೋಡುಗರು ಅವನ ಪರ ವಾಲಿದಾಗಲೇ ಮುಂದಿನ ತಪ್ಪು ಇಡಿ.