ಕಾಗದದ ಟ್ಯಾಗು, ಲೇಬಲ್ಲು: ನಾನು ಮಾಡುವ ಕ್ರಮ

ಉಡುಗೊರೆಗೆ ಕಟ್ಟುವ, ಇಲ್ಲವೇ ಜರ್ನಲ್‌ನ (ಕೈಯಾರೆ ಅಲಂಕರಿಸಿದ ಪುಸ್ತಕದ) ಕಾಗದದ ಜೇಬಿನಲ್ಲಿಡುವ ಟ್ಯಾಗ್ ನೋಡಿದವರ ಕಣ್ಣು ಮೊದಲು ಹೋಗುವುದು ಅದರ ಮೇಲಿನ ಹೂವು, ಲೇಸು, ಅಕ್ಷರಗಳ ಕಡೆಗೆ. ಆದರೆ ಅದು ನೆಟ್ಟಗೆ ಉಳಿಯುತ್ತದೋ, ಸೊಟ್ಟಗಾಗುತ್ತದೋ, ದಾರ ಕಟ್ಟಿದ ಕಡೆ ಹರಿಯುತ್ತದೋ ಎಂಬುದನ್ನು ತಳದ ರಟ್ಟು ಮತ್ತು ಅಂಟು ತೀರ್ಮಾನಿಸುತ್ತವೆ. ಅದಕ್ಕೇ ನಾನು ಅಲಂಕಾರಕ್ಕಿಂತ ಹೆಚ್ಚು ಹೊತ್ತು ತಳಕ್ಕೆ ಕೊಡುತ್ತೇನೆ.

ತಳಕ್ಕೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಕಾರ್ಡ್‌ಸ್ಟಾಕ್, ಅಂದರೆ ದಪ್ಪ ಗಟ್ಟಿ ಕಾಗದ, ಬಳಸುತ್ತೇನೆ. 200ಕ್ಕಿಂತ ತೆಳುವಾದದ್ದು ದಾರ ಎಳೆದಾಗ ಬಗ್ಗುತ್ತದೆ. 300 ದಾಟಿದರೆ ಪಂಚ್ ಒತ್ತುವುದು ಕಷ್ಟ, ಜರ್ನಲ್ ಕೂಡ ಉಬ್ಬುತ್ತದೆ. ಮೇಲೆ ಅಂಟಿಸುವ ಬಣ್ಣದ ಕಾಗದ 80ರಿಂದ 120 ಜಿಎಸ್‌ಎಂ ಇದ್ದರೆ ಸಾಕು. ಡಬ್ಬಿಯ ರಟ್ಟನ್ನೂ ಬಳಸಬಹುದು, ಆದರೆ ಅದರ ಹೊಳಪಿನ ಮುಖಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆ ಮುಖವನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಹೊಳಪು ತೆಗೆದ ಮೇಲೆಯೇ ಅಂಟಿಸಬೇಕು.

ಕತ್ತರಿಸುವ ಮೊದಲು ಹಾಳೆಯ ನಾರಿನ ದಿಕ್ಕು ನೋಡುತ್ತೇನೆ. ಇದನ್ನು ಬಿಟ್ಟವರ ಟ್ಯಾಗುಗಳೇ ಹೆಚ್ಚಾಗಿ ದೋಣಿಯಂತೆ ಬಾಗುವುದು. ಹಾಳೆಯನ್ನು ಮಡಿಕೆ ಬೀಳದಂತೆ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಬಗ್ಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಸುತ್ತಿಕೊಳ್ಳುತ್ತದೆ, ಇನ್ನೊಂದು ಕಡೆ ಕೈಗೆ ಎದುರೊತ್ತುತ್ತದೆ. ಸಲೀಸಾಗಿ ಸುತ್ತಿಕೊಂಡಾಗ ಆಗುವ ಕೊಳವೆ ಯಾವ ದಿಕ್ಕಿಗೆ ಉದ್ದವಾಗಿರುತ್ತದೋ ಅದೇ ನಾರಿನ ದಿಕ್ಕು. ಅನುಮಾನ ಉಳಿದರೆ ಮೂಲೆಯಿಂದ ಒಂದು ಚೂರು ಹರಿಯಿರಿ: ನಾರಿನ ಜೊತೆ ಹರಿದರೆ ಗೆರೆ ಹೆಚ್ಚುಕಡಿಮೆ ನೇರವಾಗಿ ಬರುತ್ತದೆ, ಅಡ್ಡ ಹರಿದರೆ ಅಂಕುಡೊಂಕು. ನಾರು ಟ್ಯಾಗಿನ ಉದ್ದಕ್ಕೆ ಬರುವಂತೆ ನಾನು ಕತ್ತರಿಸುತ್ತೇನೆ. ಹಾಗಿದ್ದರೆ ಜರ್ನಲ್‌ನ ಜೇಬಿನಿಂದ ಎಳೆಯುವಾಗ ಟ್ಯಾಗ್ ಬಳುಕುವುದಿಲ್ಲ. ಅದಲ್ಲದೆ ಕಾಗದ ನೀರು ಕುಡಿದಾಗ ಹಿಗ್ಗುವುದು ಮುಖ್ಯವಾಗಿ ನಾರಿಗೆ ಅಡ್ಡಲಾಗಿ. ಟ್ಯಾಗಿನ ಕಿರಿದಾದ ಬದಿಗೆ ಆ ಹಿಗ್ಗು ಬಿದ್ದರೆ ಬಾಗುವುದೂ ಕಡಿಮೆ.

ನನ್ನ ಮಾಮೂಲು ಅಳತೆ 60 × 120 ಮಿಲಿಮೀಟರ್. ಎ4 ಹಾಳೆಯ ನಾರು ಉದ್ದಕ್ಕಿದ್ದರೆ ಅದರಲ್ಲಿ ಆರು ಟ್ಯಾಗ್ ಬರುತ್ತವೆ. ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಿಂದ ಹಗುರವಾಗಿ ಮೂರು ನಾಲ್ಕು ಸಲ ಎಳೆಯುತ್ತೇನೆ. ಒಂದೇ ಏಟಿಗೆ ಕತ್ತರಿಸಲು ಹೋದರೆ ಬ್ಲೇಡು ಓರೆಯಾಗಿ ಇಳಿದು ಅಂಚು ಇಳಿಜಾರಾಗುತ್ತದೆ. ಅಂಚಿನಲ್ಲಿ ಎಳೆ ಎದ್ದರೆ ಬ್ಲೇಡು ಮೊಂಡಾಗಿದೆ ಎಂದರ್ಥ. ಅದರ ತುದಿ ಮುರಿದು ಹೊಸದು ಮಾಡಿಕೊಳ್ಳಬೇಕು. ಮೇಲಿನ ಎರಡು ಮೂಲೆಗಳಿಗೆ ಎರಡೂ ಬದಿಯಿಂದ 15 ಮಿಮೀ ಗುರುತು ಹಾಕಿ ಓರೆಯಾಗಿ ಕತ್ತರಿಸುತ್ತೇನೆ. ಕಣ್ಣಳತೆಯಲ್ಲಿ ಎರಡೂ ಮೂಲೆ ಒಂದೇ ಆಗುವುದಿಲ್ಲ, ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಮಾಡಿಟ್ಟುಕೊಂಡರೆ ಆ ತಲೆನೋವಿಲ್ಲ.

ಅಂಟಿನ ವಿಷಯದಲ್ಲಿ ಆತುರ ಪಡಬಾರದು. ಪಿವಿಎ ಬಿಳಿ ಅಂಟಿನಲ್ಲಿ ನೀರಿದೆ. ಮೇಲಿನ ಕಾಗದ ಒದ್ದೆಯಾಗಿ ಹಿಗ್ಗಿ, ಒಣಗುವಾಗ ಕುಗ್ಗಿ ತಳವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಮದ್ದು ಹಿಂಬದಿಗೂ ಅಷ್ಟೇ ದಪ್ಪದ ಕಾಗದವನ್ನು ಅದೇ ನಾರಿನ ದಿಕ್ಕಿನಲ್ಲಿ ಅಂಟಿಸುವುದು. ಎರಡೂ ಕಡೆಯ ಎಳೆತ ಸರಿಸಮವಾಗುತ್ತದೆ. ಚಪ್ಪಟೆ ಬ್ರಷ್‌ನಿಂದ ನಡುವಿನಿಂದ ಅಂಚಿನ ಕಡೆಗೆ ತೆಳುವಾಗಿ ಹಚ್ಚಿ, ಒಣಬಟ್ಟೆಯಿಂದ ಒತ್ತಿ ಗಾಳಿ ಹೊರಗೆ ಹಾಕುತ್ತೇನೆ. ಆಮೇಲೆ ಎರಡು ಬಟರ್ ಪೇಪರ್ ನಡುವೆ ಇಟ್ಟು ಭಾರದ ಪುಸ್ತಕಗಳ ಕೆಳಗೆ ಒಂದು ರಾತ್ರಿ. ಇಷ್ಟು ಕಾಯಲು ಆಗದಿದ್ದರೆ ಡಬಲ್ ಸೈಡ್ ಟೇಪ್ ಬಳಸಿ, ಅದರಲ್ಲಿ ನೀರಿನ ಕಾಟವಿಲ್ಲ. ಆದರೆ ಒಮ್ಮೆ ತಪ್ಪಾಗಿ ಕೂತರೆ ಸರಿಸಲಾಗದು. ಗ್ಲೂ ಸ್ಟಿಕ್ ಅನ್ನು ಉಡುಗೊರೆಯ ಟ್ಯಾಗಿಗಷ್ಟೇ ಇಟ್ಟುಕೊಂಡಿದ್ದೇನೆ. ಜರ್ನಲ್‌ನಲ್ಲಿ ಕಾಲಕ್ರಮೇಣ ಅಂಚು ಎದ್ದುಬಿಡುತ್ತದೆ.

ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಚಿತ್ರಕ್ಕೆ ನೀರಿನ ಅಂಟು ತಾಗಿದರೆ ಸಾಮಾನ್ಯವಾಗಿ ಬಣ್ಣ ಕದಡುತ್ತದೆ. ಲೇಸರ್ ಮುದ್ರಣ ಟೋನರ್ ಎಂಬ ಪುಡಿಯದು, ಕದಡುವುದಿಲ್ಲ. ಹಳೆಯ ದಿನಪತ್ರಿಕೆಯ ಚೂರು ಅಂಟಿಸಬೇಕೆನಿಸಿದರೆ ಅದರ ಲೇಸರ್ ನಕಲು ತೆಗೆದು ಬಳಸಿ. ನ್ಯೂಸ್‌ಪ್ರಿಂಟ್‌ನಲ್ಲಿರುವ (ಪತ್ರಿಕೆಯ ಕಾಗದದಲ್ಲಿರುವ) ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗುತ್ತದೆ, ಅದರ ಆಮ್ಲ ಪಕ್ಕದ ಪುಟಕ್ಕೂ ಕಲೆ ಹತ್ತಿಸುತ್ತದೆ. ಹಳೆಯ ಕಾಗದದ ಬಣ್ಣಕ್ಕಾಗಿ ಚಹಾದಲ್ಲಿ ಅದ್ದುವ ರೂಢಿಯಿದೆ, ನೋಡಲು ಚಂದವೇ. ಆದರೆ ಚಹಾ ಕೂಡ ಸ್ವಲ್ಪ ಆಮ್ಲೀಯ. ಬಹುಕಾಲ ಇಡುವ ಜರ್ನಲ್‌ಗೆ ನೀರಲ್ಲಿ ತೆಳುಮಾಡಿದ ಕಂದು ಅಕ್ರಿಲಿಕ್ ಇಂಕ್ ನನಗೆ ಹೆಚ್ಚು ಒಪ್ಪಿಗೆ. ಯಾವುದೇ ಆಗಲಿ, ಇಡೀ ಹಾಳೆಗೆ ಹಚ್ಚಿ ಒಣಗಿಸಿ, ಮೇಲೆ ಬಟ್ಟೆ ಹಾಕಿ ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಬೇಕು.

ಟ್ಯಾಗು ಮೊದಲು ಸೋಲುವ ಜಾಗ ತೂತು. ಅದರ ನಡುಬಿಂದು ಮೇಲಂಚಿನಿಂದ 12 ಮಿಮೀ ಕೆಳಗಿರಲಿ. ತೂತಿಗೆ ಬಲ ಕೊಡಲು ರಿಂಗ್ ಆಕಾರದ ಕಾಗದ ಅಂಟಿಸಿ ತೂತಿಗೆ ತೂತು ಸೇರಿಸಲು ಹೆಣಗಬೇಡಿ. 16 ಮಿಮೀ ಪಂಚ್‌ನಿಂದ 120 ಜಿಎಸ್‌ಎಂ ಕಾಗದದ ಎರಡು ಇಡೀ ಬಿಲ್ಲೆ ತೆಗೆದು, ಟ್ಯಾಗಿನ ಹಿಂದೆ ಮುಂದೆ ಒಂದೊಂದು ಅಂಟಿಸಿ, ಪೂರ್ತಿ ಒಣಗಿದ ಮೇಲೆ ಎಲ್ಲ ಪದರಕ್ಕೂ ಸೇರಿಸಿ 5 ಮಿಮೀ ತೂತು ಹೊಡೆಯಿರಿ. ಒಣಗುವ ಮೊದಲೇ ಒತ್ತಿದರೆ ಪದರ ಜಾರಿ ತೂತಿನ ಸುತ್ತ ಕಾಗದ ಕಿತ್ತು ಬರುತ್ತದೆ. ಐಲೆಟ್ (ತೂತಿಗೆ ಕೂರಿಸುವ ಲೋಹದ ಉಂಗುರ) ಉಡುಗೊರೆಗೆ ಸೊಗಸು, ಜರ್ನಲ್ ಮುಚ್ಚಿದಾಗ ಮಾತ್ರ ಎದುರಿನ ಪುಟಕ್ಕೆ ಉಂಗುರದ ಅಚ್ಚು ಬೀಳುತ್ತದೆ. ಸೆಣಬಿನ ದಾರದ ಗಂಟೂ ಹಾಗೆಯೇ. ಜರ್ನಲ್ ಟ್ಯಾಗಿಗೆ ನಾನು ಹಾಕುವುದು ತೆಳು ರಿಬ್ಬನ್. 30 ಸೆಂಮೀ ತುಂಡನ್ನು ಎರಡಾಗಿ ಮಡಚಿ, ಮಡಿಕೆಯನ್ನು ತೂತಿನಲ್ಲಿ ತೂರಿಸಿ, ಎರಡೂ ತುದಿಗಳನ್ನು ಆ ಕುಣಿಕೆಯೊಳಗೆ ಎಳೆದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ.

ಅಂಚಿಗೆ ಬಣ್ಣ ಕೊಡುವಾಗ ಸ್ಪಂಜಿಗೆ ಇಂಕ್ ತಾಗಿಸಿ, ಮೊದಲು ರದ್ದಿ ಕಾಗದದ ಮೇಲೆ ಒತ್ತಿ, ಟ್ಯಾಗಿನ ಹೊರಗಿನಿಂದ ಒಳಕ್ಕೆ ಉಜ್ಜುತ್ತಾ ಬರಬೇಕು. ನೇರವಾಗಿ ಟ್ಯಾಗಿನ ಮೇಲಿಟ್ಟರೆ ಕಪ್ಪು ಮಚ್ಚೆ ಬೀಳುತ್ತದೆ, ಆಮೇಲೆ ಅದು ಹೋಗುವುದೇ ಇಲ್ಲ.

ಲೇಬಲ್‌ಗೆ ಕ್ರಮ ಉಲ್ಟಾ: ಮೊದಲು ಬರೆ, ಆಮೇಲೆ ಕತ್ತರಿಸು. ಕತ್ತರಿಸಿದ ಚೀಟಿಯ ನಡುವೆ ಅಕ್ಷರ ಕೂರಿಸುವುದಕ್ಕಿಂತ ಬರೆದ ಅಕ್ಷರದ ಸುತ್ತ ಅಳೆದು ಕತ್ತರಿಸುವುದು ಎಷ್ಟೋ ಸುಲಭ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಹಾಗಾಗಿ ಮೇಲೆ 4, ಕೆಳಗೆ 6 ಮಿಮೀ ಜಾಗ ಬಿಟ್ಟರೆ ‘ಸ್ನೇಹಕ್ಕೆ’ಯಂಥ ಪದವೂ ಉಸಿರುಗಟ್ಟುವುದಿಲ್ಲ. ಅಂಚಿಗೆ ತೀರಾ ಹತ್ತಿರ ಚೌಕಟ್ಟಿನ ಗೆರೆ ಎಳೆಯಬೇಡಿ. ಕತ್ತರಿ ಒಂದು ಮಿಮೀ ತಪ್ಪಿದರೂ ಎದ್ದು ಕಾಣುತ್ತದೆ.

ಜರ್ನಲ್‌ನಲ್ಲಿ ಅಕ್ರಿಲಿಕ್ ಬಣ್ಣ ಬಳಿದ ಟ್ಯಾಗುಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು. ಒಣಗಿದ ಅಕ್ರಿಲಿಕ್ ಕೂಡ ಸೆಕೆಗೆ ಮೆತ್ತಗಾಗುತ್ತದೆ. ನಾಲ್ಕೈದು ದಿನ ಗಾಳಿಗೆ ಬಿಟ್ಟು, ಬಣ್ಣವಿಲ್ಲದ ಮೇಣವನ್ನು ತೆಳುವಾಗಿ ಸವರಿ ಮೆತ್ತನೆ ಬಟ್ಟೆಯಿಂದ ತಿಕ್ಕಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಪೆನ್ನಿನ ಬರವಣಿಗೆ ಇದ್ದರೆ ಅದು ಮೇಣಕ್ಕೆ ಮೊದಲೇ ಮುಗಿದಿರಬೇಕು, ಮೇಣದ ಮೇಲೆ ಶಾಯಿ ಹಿಡಿಯದು.

ಜೇಬಿನ ಒಳ ಅಗಲ ಟ್ಯಾಗಿಗಿಂತ 4 ಮಿಮೀ ಹೆಚ್ಚಿರಲಿ. 60 ಮಿಮೀ ಟ್ಯಾಗಿಗೆ, ಎರಡೂ ಬದಿಗೆ 5 ಮಿಮೀ ಅಂಟಿನ ಪಟ್ಟಿ ಸೇರಿ, ಜೇಬಿನ ಕಾಗದ 74 ಮಿಮೀ ಅಗಲ ಬೇಕು. ಆಳ 90 ಮಿಮೀ ಕೊಟ್ಟರೆ ಟ್ಯಾಗಿನ 30 ಮಿಮೀ ಹೊರಗೆ ಉಳಿದು, ಬಿಲ್ಲೆಯೂ ರಿಬ್ಬನ್ನೂ ಚೆನ್ನಾಗಿ ಕಾಣುತ್ತವೆ.