ಮುಂದಿನ ಕಂತು ಇನ್ನೂ ಚೆನ್ನಾಗಿ ಬರಬೇಕೆ?

ಯೂಟ್ಯೂಬ್‌ಗೆ ಮಾಡುವ ಮೊಬೈಲ್ ವಿಮರ್ಶೆಯಿರಲಿ, ಗೆಳೆಯರು ಸೇರಿ ಮಾಡುವ ವೆಬ್ ಸರಣಿಯಿರಲಿ, ಮೊದಲ ಕಂತು ಸುಮಾರಾಗಿಯೇ ಬರುತ್ತದೆ. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಅಮೆರಿಕದ ಮಾರ್ಕೆಸ್ ಬ್ರೌನ್‌ಲೀ 2009ರಲ್ಲಿ ಗ್ಯಾಜೆಟ್ ವಿಮರ್ಶೆ ಶುರು ಮಾಡಿದಾಗ ಇನ್ನೂ ಹೈಸ್ಕೂಲ್ ಹುಡುಗ. ಆಗಿನ ವಿಡಿಯೊ ಒಂದನ್ನು ನೋಡಿ, ಆಮೇಲೆ ಈಚಿನದನ್ನು ನೋಡಿ. ಕ್ಯಾಮೆರಾ ಬದಲಾಗಿದೆ, ಸರಿ. ಮಾತು ಎಷ್ಟು ಹದವಾಗಿದೆ ಅನ್ನುವುದನ್ನೂ ಗಮನಿಸಿ.

ಮೊದಲು ನಿಮ್ಮ ಕಂತನ್ನೇ ನೀವು ನೋಡಬೇಕು. ಹಾಕಿದ ದಿನ ಬೇಡ, ಒಂದು ವಾರ ಬಿಟ್ಟು, ಪೆನ್ನು ಹಾಳೆ ಹಿಡಿದು ಕೂರಿ. ಒಂದು ಸಲ ಫೋನ್ ಮಗುಚಿಟ್ಟು ಬರೀ ಕೇಳಿ. ಇನ್ನೊಂದು ಸಲ ಸದ್ದು ಪೂರ್ತಿ ತೆಗೆದು ಬರೀ ನೋಡಿ. ಎರಡರಲ್ಲೂ ಎಲ್ಲಿ ಬೇಜಾರಾಯಿತೋ ಆ ನಿಮಿಷ ಬರೆದುಕೊಳ್ಳಿ.

ನನ್ನ ಮಟ್ಟಿಗೆ ಮೊದಲ ದುಡ್ಡು, ಮೊದಲ ಶ್ರಮ ಎರಡೂ ಸದ್ದಿಗೇ ಹೋಗಬೇಕು. ಚಿತ್ರ ಮಬ್ಬಾಗಿದ್ದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕಾಲರ್ ಮೈಕ್ ಬಾಯಿಂದ ಒಂದು ಗೇಣು ಕೆಳಗಿರಲಿ. ಖಾಲಿ ಕೋಣೆಯ ಬರೀ ಗೋಡೆಗೆ ಮಾತು ಬಡಿದು ವಾಪಸ್ ಬರುತ್ತದೆ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕೋಣೆಯಲ್ಲಿ ಈ ಕಾಟ ಕಡಿಮೆ. ಫ್ಯಾನ್ ನಿಲ್ಲಿಸಿ. ಕುಕ್ಕರ್ ಕೂಗುವ ಹೊತ್ತು ಬೇಡವೇ ಬೇಡ. ಒಂದು ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನ್‌ನಲ್ಲೂ ಫೋನ್ ಸ್ಪೀಕರ್‌ನಲ್ಲೂ ಕೇಳಿ, ಆಮೇಲಷ್ಟೇ ಪೂರ್ತಿ ಶೂಟಿಂಗ್.

ವಿಡಿಯೊದಲ್ಲಿ ಕಪ್ಪು ಪಟ್ಟೆ ಓಡುತ್ತಿದ್ದರೆ ಅದು ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತು, 1/50 ಅಥವಾ 1/100 ಸೆಕೆಂಡು ಇಟ್ಟರೆ ಪಟ್ಟೆ ಹೋಗುತ್ತದೆ. ಹಗಲಾದರೆ ಕಿಟಕಿಗೆ ಮುಖ ಮಾಡಿ ಕೂತರೆ ಸಾಕು.

ಇನ್ನು ಮಾತು. ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ವಿಡಿಯೊಗೂ ರಿಟೆನ್ಷನ್ ಗ್ರಾಫ್ ಇರುತ್ತದೆ, ಯಾವ ಹೊತ್ತಿನಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದರು ಅಂತ ಅದರ ಗೆರೆ ತೋರಿಸುತ್ತದೆ. ಗೆರೆ ಧಡಕ್ಕನೆ ಇಳಿದ ಕಡೆ ಜನ ಬಿಟ್ಟು ಹೋಗಿದ್ದಾರೆ ಅಥವಾ ಮುಂದಕ್ಕೆ ಹಾರಿದ್ದಾರೆ. ಏರಿದ ಕಡೆ ತಿರುಗಿಸಿ ನೋಡಿದ್ದಾರೆ. ನಿಮ್ಮ ಹಾಳೆಯನ್ನು ಪಕ್ಕಕ್ಕಿಟ್ಟು ಹೋಲಿಸಿ. ಶುರುವಿನಲ್ಲೇ ಕುಸಿದಿದ್ದರೆ, "ಎಲ್ಲರಿಗೂ ನಮಸ್ಕಾರ, ಚಾನೆಲ್‌ಗೆ ಸ್ವಾಗತ" ಎಂಬ ಪೀಠಿಕೆ ಉದ್ದವಾಗಿರಬಹುದು, ಅಲ್ವಾ? ಈ ಫೋನ್ ಯಾರು ಕೊಳ್ಳಬಾರದು ಎಂಬ ಮಾತಿನಿಂದಲೇ ಶುರು ಮಾಡಿ ನೋಡಿ. ವೆಬ್ ಸರಣಿಯಾದರೆ ಸಂಭಾಷಣೆಯನ್ನು ನಟರ ಬಾಯಲ್ಲಿ ಗಟ್ಟಿಯಾಗಿ ಓದಿಸಿ. ಧಾರವಾಡದ ಹುಡುಗ ಬೆಂಗಳೂರಿನ ಟಿವಿ ಕನ್ನಡ ಆಡಲು ತಡವರಿಸಿದರೆ, ಅವನು ಮನೆಯಲ್ಲಿ ಆಡುವ ಹಾಗೇ ಆಡಲಿ.

ಎಲ್ಲವನ್ನೂ ಒಂದೇ ಸಲ ಬದಲಾಯಿಸಬೇಡಿ. ಕಂತಿಗೆ ಒಂದು ಸಾಕು. ಹೊಸ ಮೈಕು, ಹೊಸ ಶುರು ಎರಡೂ ಒಟ್ಟಿಗೆ ಬಂದರೆ ಯಾವುದರಿಂದ ಗೆರೆ ನೇರವಾಯಿತು ಅಂತ ತಿಳಿಯುವುದಿಲ್ಲ.

ಹಳೆಯ ಕಂತುಗಳನ್ನು ಅಳಿಸಬೇಡಿ. ತೀರಾ ಎಳೆದ ಭಾಗವನ್ನು ಸ್ಟುಡಿಯೊದಲ್ಲೇ ಕತ್ತರಿಸಬಹುದು, ಲಿಂಕ್ ಬದಲಾಗುವುದಿಲ್ಲ. ಕನ್ನಡ ಸಬ್‌ಟೈಟಲ್‌ಗಳನ್ನೂ ಈಗ ಸೇರಿಸಬಹುದು. ಕಿವಿ ಮಂದವಾದ ಅಜ್ಜ ಕೂಡ ಆಗ ನಿಮ್ಮ ಮೊದಲ ಕಂತನ್ನು ಪೂರ್ತಿ ನೋಡಬಹುದು.